ಚಹಾ ಕುಡಿಯದ ಊರು

ಉಚ್ಚೆಂಗಪ್ಪ ಹೊಸಪೇಟೆಯ ನಮ್ಮ ನಗರ ನೈರ್ಮಲ್ಯ ಮಂಡಳಿಯ ಪಂಪ್‌ಹೌಸಿನಲ್ಲಿ ಹತ್ತೊಂಬತ್ತು ವರ್ಷ ಹಂಗಾಮಿ ನೌಕರನಾಗಿದ್ದ. ಅಷ್ಟರಲ್ಲಿ ಆರು ಜನ ಕಾರ್ಯದರ್ಶಿಗಳು ಬಂದು ಹೋದರು, ಎಲ್ಲರೂ ಖಾಯಂ. ಪಂಪು ಎರಡು ಸಲ ಬದಲಾಯಿತು, ಅದಕ್ಕೂ ದಾಸ್ತಾನು ಪುಸ್ತಕದಲ್ಲಿ ಖಾಯಂ ನಂಬರು ಇತ್ತು. ಇವನೊಬ್ಬನಿಗೆ ಮಾತ್ರ ನಮ್ಮ ಕಚೇರಿಯಲ್ಲಿ ಎಲ್ಲಿಯೂ ನಂಬರಿರಲಿಲ್ಲ. ನಾನು ಅದೇ ಕಚೇರಿಯ ಗುಮಾಸ್ತ ವೀರೇಶಪ್ಪ. ಅವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಯೋಗ್ಯತೆ ಇದ್ದವರು ಯಾರೂ ಬರೆಯಲಿಲ್ಲ, ಅದಕ್ಕೇ ನಿವೃತ್ತಿಯಾದ ಮೇಲೆ ನಾನೇ ಕೂತಿದ್ದೇನೆ.

ಅವನು ಸಂಡೂರು ತಾಲೂಕಿನ ಬಂಡ್ರಿಯವನು. ಅಪ್ಪ ಗುಡ್ಡದಲ್ಲಿ ಹಾರೆ ಹಿಡಿದು ಅದಿರು ಅಗೆದು ಕೆಮ್ಮಿ ಕೆಮ್ಮಿ ಸತ್ತ. ಮಣ್ಣು ಅಗೆಯುವುದೇ ಆದರೆ ಊರೊಳಗಿನ ಮಣ್ಣು ಅಗೆಯೋಣವೆಂದು ಮಗ ಹೊಸಪೇಟೆಗೆ ಬಂದ. ಆಗಷ್ಟೇ ಒಳಚರಂಡಿಗೆ ಕಾಲುವೆ ತೋಡುತ್ತಿದ್ದರು. ಪೈಪು ಇಳಿಸಿದವರಲ್ಲಿ ಇವನೂ ಒಬ್ಬ. ಕೆಲಸ ಮುಗಿದು ಎಲ್ಲರೂ ಹೋದರು, ಇವನು ಊರಿನ ಕೊಳಚೆಯೆಲ್ಲ ಬಂದು ಬೀಳುವ ಆಳದ ಬಾವಿಯ ಪಕ್ಕದಲ್ಲಿ ಪಂಪು ನಡೆಸುತ್ತ ಉಳಿದ. ಹೆಂಡತಿ ಎರ್ರೆಮ್ಮ ಬೇಗ ತೀರಿಕೊಂಡಳು. ಮಗಳು ಹೇಮಾವತಿಯನ್ನು ಒಬ್ಬನೇ ಸಾಕಿದ, ಪಾಪಿನಾಯಕನಹಳ್ಳಿಯ ಜಂಬುನಾಥನೆಂಬ ಡ್ರೈವರನಿಗೆ ಕೊಟ್ಟು ಮದುವೆ ಮಾಡಿದ, ಮಗಳು ಅಳಿಯ ಇಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡ.

ನಾವು ಪತ್ರಿಕೆ ಓದಿ ಊರಿನ ಸುದ್ದಿ ತಿಳಿಯುತ್ತಿದ್ದೆವು, ಉಚ್ಚೆಂಗಪ್ಪ ಆ ಬಾವಿಗೆ ಇಣುಕಿ ತಿಳಿಯುತ್ತಿದ್ದ. ಬೆಳಗಿನ ಐದೂವರೆಗೆ ಮೊದಲ ಜೋರು ನೀರು. ಎಂಟೂವರೆಗೆ ಎರಡನೆಯದು, ಅದು ಕಚೇರಿಗೆ ಹೋಗುವವರದು, ಅದರಲ್ಲಿ ಸೋಪಿನ ನೊರೆ ಹೆಚ್ಚು. ಯುಗಾದಿಯ ದಿನ ಎಣ್ಣೆ, ಸೀಗೆಕಾಯಿ. ಭಾನುವಾರ ಮಧ್ಯಾಹ್ನ ಮಸಾಲೆಯ ಜಿಡ್ಡು. ಯಾವ ಓಣಿಯಲ್ಲಿ ಮದುವೆ, ಯಾವ ಓಣಿಯಲ್ಲಿ ವಾಂತಿಭೇದಿ ಎಂದು ನಮ್ಮ ಆರೋಗ್ಯಾಧಿಕಾರಿಗಿಂತ ಎರಡು ದಿನ ಮೊದಲೇ ಹೇಳುತ್ತಿದ್ದ. ಆರೋಗ್ಯಾಧಿಕಾರಿ ಅದಕ್ಕೇ ಅವನ ಜೊತೆ ಮಾತು ಬಿಟ್ಟಿದ್ದರು.

ಆಮೇಲೆ ಅದಿರಿಗೆ ಬೆಲೆ ಬಂತು. ಚೀನಾದಲ್ಲಿ ಏನೋ ಕ್ರೀಡಾಕೂಟಕ್ಕೆ ಕಬ್ಬಿಣ ಬೇಕಾಗಿ, ಇಲ್ಲಿ ನಮ್ಮೂರಿನ ದರ್ಜಿ ಟಿಪ್ಪರ್ ಕೊಂಡ, ಪ್ರೈಮರಿ ಶಾಲೆಯ ಮಾಸ್ತರು ಎರಡು ಕೊಂಡರು. ಗಣಿ ಮಾಲೀಕರ ಹೆಲಿಕಾಪ್ಟರ್ ಬಂದರೆ ಮೊದಮೊದಲು ಮಂದಿ ಊಟ ಬಿಟ್ಟು ಓಡಿ ಬರುತ್ತಿದ್ದರು, ಆಮೇಲೆ ತಲೆ ಎತ್ತುವುದನ್ನೂ ಬಿಟ್ಟರು. ಇಡ್ಲಿಯ ಮೇಲೆ ಕೆಂಪು ಧೂಳು, ಮೊಸರಿನ ಮೇಲೆ ಕೆಂಪು ಧೂಳು, ದೇವರ ಹಣೆಯ ವಿಭೂತಿಯ ಮೇಲೂ ಕೆಂಪು ಧೂಳು. ಊರು ಉದ್ಧಾರವಾಯಿತು ಎಂದು ಎಲ್ಲರೂ ಒಪ್ಪಿಕೊಂಡೆವು.

ಉಚ್ಚೆಂಗಪ್ಪ ಮಾತ್ರ ಒಂದು ದಿನ ಹಾಜರಿ ಹಾಕಲು ಬಂದವನು ನನ್ನ ಮೇಜಿನ ಮುಂದೆ ನಿಂತು ತಲೆ ಕೆರೆದುಕೊಂಡ.

"ವೀರೇಶಪ್ಪಾರ, ಮೊದ್ಲು ಐದೂವರಿಗೆ ಬರ್ತಿದ್ದ ನೀರು ಈಗ ಮೂರಕ್ಕ ಬರ್ತೈತ್ರಿ. ಎರಡಕ್ಕೂ ಬರ್ತೈತಿ. ಊರು ಮಲಗಾದ ಬಿಟ್ಟೈತ್ರಿ."

"ಅಭಿವೃದ್ಧಿ ಅಂದ್ರ ಅದಾ ನೋಡಪ್ಪ," ಎಂದೆ ನಾನು.

ಮಲಗುವುದನ್ನು ಬಿಟ್ಟವರಲ್ಲಿ ಅವನ ಅಳಿಯನೂ ಇದ್ದ. ಜಂಬುನಾಥ ಸಂಡೂರಿನ ಗುಡ್ಡದಿಂದ ಅದಿರು ತುಂಬಿ ಬಂದರಿಗೆ ಟಿಪ್ಪರ್ ಹೊಡೆಯುತ್ತಿದ್ದ. ಹೆಚ್ಚು ಸುತ್ತು ಹೊಡೆದ ಡ್ರೈವರನೇ ಮಾಲೀಕನಿಗೆ ಮಗ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಚಹಾದ ಜೊತೆ ಒಂದು ಬಿಳಿ ಗುಳಿಗೆ ಕೊಡುತ್ತಿದ್ದರು, ಅದನ್ನು ಎಚ್ಚರದ ಗುಳಿಗೆ ಎನ್ನುತ್ತಿದ್ದರು. ಮೊದಲು ಒಂದು, ಆಮೇಲೆ ಮೂರು. ಮೂರು ದಿನ ಕಣ್ಣು ಮುಚ್ಚದೆ ಓಡಿಸುತ್ತಿದ್ದ. ಮನೆಗೆ ಬಂದರೂ ನಿದ್ದೆಯಿಲ್ಲ. ಗೋಡೆಯ ಕಡೆ ತಿರುಗಿ ಕ್ಲೀನರನಿಗೆ ಹೇಳುವಂತೆ "ಬರ್ಲಿ ಬರ್ಲಿ, ರೈಟ್" ಎನ್ನುತ್ತ ಕೂರುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ಮಂಡಳಿಗೆ ಹದಿನಾಲ್ಕು ಪುಟದ ಪತ್ರ ಬಂತು, ಅದೂ ಇಂಗ್ಲಿಷಿನಲ್ಲಿ. ಅದರ ಹಿಂದೆಯೇ ಅದನ್ನು ಬರೆದ ಡಾಕ್ಟರ್ ಸೌಜನ್ಯ ಬಂದರು. ಮೂವತ್ತು ದಾಟಿರದ ಹೆಣ್ಣುಮಗಳು, ಹೆಗಲಿಗೆ ಚೀಲ, ಕೈಯಲ್ಲಿ ಐಸಿನ ಡಬ್ಬಿ. ಕಾರ್ಯದರ್ಶಿ ಹಾಲಸ್ವಾಮಿಯವರ ಕೋಣೆಯಲ್ಲಿ ಕೂತು ಅವರು ಹೇಳಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಮನುಷ್ಯ ಸುಳ್ಳು ಹೇಳುತ್ತಾನೆ, ಅವನ ಉಚ್ಚೆ ಹೇಳುವುದಿಲ್ಲ. ನುಂಗಿದ ಮಾದಕ ವಸ್ತುವಿನ ಒಂದಿಷ್ಟು ಅಂಶ ಮೈಯಿಂದ ಹೊರಬಿದ್ದು ಚರಂಡಿ ಸೇರುತ್ತದೆ. ಇಡೀ ಊರಿನ ಕೊಳಚೆಯನ್ನು ಗಂಟೆಗೊಮ್ಮೆ ಒಂದು ಸೌಟಿನಂತೆ ಏಳು ದಿನ ಹಿಡಿದು ಪರೀಕ್ಷಿಸಿದರೆ, ಯಾರ ಮನೆಯದು ಎಂದು ತಿಳಿಯದಿದ್ದರೂ ಊರು ಒಟ್ಟು ಏನು, ಎಷ್ಟು ನುಂಗಿದೆ ಎಂದು ಲೆಕ್ಕ ಸಿಗುತ್ತದೆ. ಆ ಲೆಕ್ಕ ನೋಡಿ ಸರಕಾರಿ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಹತ್ತು ಹಾಸಿಗೆಯ ವಾರ್ಡು ಕೊಡಬೇಕೋ ಬೇಡವೋ ಎಂದು ಮೇಲಿನವರು ತೀರ್ಮಾನಿಸುತ್ತಾರೆ.

"ಅದೆಲ್ಲಾ ಹಂಪಿ ಫಾರಿನರ್ಸ್‌ದು ಮೇಡಂ," ಎಂದರು ಹಾಲಸ್ವಾಮಿ. "ನಮ್ಮ ಮಂದಿ ಸಂಭಾವಿತ್ರು."

"ಹಂಪಿಯ ಚರಂಡಿ ನಿಮ್ಮ ಪಂಪ್‌ಹೌಸಿಗೆ ಸೇರೋದೇ ಇಲ್ವಲ್ಲ ಸರ್?"

"ಸೇರಂಗಿಲ್ಲ. ಆದ್ರೂ ಅವ್ರದಾ."

ಮೇಡಂ ಪಂಪ್‌ಹೌಸಿಗೆ ಹೋಗಿ ಉಚ್ಚೆಂಗಪ್ಪನಿಗೆ ಬಾಟಲಿ ತುಂಬುವುದನ್ನು ತೋರಿಸಿಕೊಟ್ಟರು. ಯಾತಕ್ಕೆ ಎಂದು ಹೇಳಲಿಲ್ಲ, ಕಾರ್ಯದರ್ಶಿಗಳು ಹೇಳುತ್ತಾರೆ ಎಂದುಕೊಂಡರು. ಬೇರೆ ಅನುಮತಿಗಳಿಗಾಗಿ ಬಳ್ಳಾರಿಗೆ ಹೋದರು, ವಾರ ಬಿಟ್ಟು ಡಬ್ಬಿ ಒಯ್ಯಲು ಬರುವೆನೆಂದರು.

ಅವರ ಜೀಪು ಗೇಟು ದಾಟುವುದೇ ತಡ, ಹಾಲಸ್ವಾಮಿಯವರು ಬೆವರಿದರು. ನಮ್ಮ ಕಚೇರಿ ಚೆನ್ನಾಗಿ ಕಲಿತ ಒಂದೇ ವಿದ್ಯೆ ಎಂದರೆ ತಪಾಸಣೆ ಎದುರಿಸುವುದು. ಹೊರಗಿನವರು ಏನನ್ನು ನೋಡಲು ಬಂದರೂ ಅದನ್ನು ಮುಂಚೆಯೇ ತೊಳೆದಿಡಬೇಕು. ಮಂತ್ರಿಗಳು ಬಂದಾಗ ಪಂಪ್‌ಹೌಸಿಗೆ ಸುಣ್ಣ ಹೊಡೆದು, ಬಾವಿಯ ಸುತ್ತ ಬಾಡಿಗೆಯ ಹೂಕುಂಡ ಇಟ್ಟಿದ್ದೆವು. ಈಗ ನೋಡಲು ಬಂದದ್ದು ಕೊಳಚೆಯನ್ನೇ. ಹಾಗಾಗಿ ಕೊಳಚೆಯನ್ನೇ ಸ್ವಚ್ಛ ಮಾಡಬೇಕೆಂದು ತೀರ್ಮಾನವಾಯಿತು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ, ಆದೇಶದ ಟಿಪ್ಪಣಿ ಬರೆದವನೇ ನಾನು.

"ಹನ್ನೊಂದು ಚೀಲ ಬ್ಲೀಚಿಂಗ್ ಪೌಡರ್ ಕೊಡ್ರಿ," ಎಂದರು ಹಾಲಸ್ವಾಮಿ. "ಕಾಲುವಿ ನೀರು ದಿನಾ ಆರು ಟ್ಯಾಂಕರ್ ಬಿಡ್ಸಿರಿ. ಒಂದ್ ಕೂದಲು ಕಾಣಬಾರ್ದು. ಊರಿನ ಮರ್ಯಾದಿ ಪ್ರಶ್ನೆ."

ಉಚ್ಚೆಂಗಪ್ಪ ಆದೇಶ ಪಾಲಿಸಿದ್ದಷ್ಟೇ ಅಲ್ಲ, ತನ್ನದೊಂದನ್ನು ಸೇರಿಸಿದ. ಮೂರನೆಯ ದಿನ ನಾನು ಪಂಪ್‌ಹೌಸಿಗೆ ಹೋದರೆ, ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಕಟ್ಟಿ ಕೊಳಚೆಯನ್ನು ಸೋಸುತ್ತಿದ್ದ. ಅದು ಆಗಲೇ ಎಳನೀರಿನಷ್ಟು ತಿಳಿಯಾಗಿತ್ತು.

"ಇದ್ಯಾಕೋ ಮಾರಾಯ?"

"ಹೆಣ್ಮಗಳು ಕೈಲೆ ಮುಟ್ತಾಳಲ್ರೀ. ಅಷ್ಟು ದೂರದಿಂದ ಬಂದಾಳ. ಹೊಲಸು ಹೆಂಗ ಕೊಡಾದು?"

ಅವನ ಮಾತು ನನಗೆ ಸರಿಯೆನಿಸಿತು. ಬಂದವರಿಗೆ ನೀರು ಕೊಡುವಾಗ ಸೋಸಿ ಕೊಡುವುದು ನಮ್ಮ ಕಡೆಯ ಪದ್ಧತಿ. ಅದು ಯಾವ ನೀರು ಎಂದು ಅವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ತಿಂಗಳ ಮೇಲೆ ಮೇಡಂ ಕಳಿಸಿದ ತಾತ್ಕಾಲಿಕ ವರದಿ ಬಂತು. ಪಟ್ಟಿಯಲ್ಲಿ ಹದಿನಾಲ್ಕು ಮಾದಕ ವಸ್ತುಗಳ ಹೆಸರು, ಹದಿನಾಲ್ಕರ ಎದುರೂ ಪತ್ತೆಯಾಗಿಲ್ಲ, ಪತ್ತೆಯಾಗಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಮಾದರಿಯ ಬಗ್ಗೆ ಸಂದೇಹವಿದೆ, ವಿವರ ಬರೆಯುತ್ತೇನೆ ಎಂದಿತ್ತು. ಸಣ್ಣಕ್ಷರ ಓದುವ ಹುದ್ದೆ ನಮ್ಮಲ್ಲಿ ಖಾಲಿ ಇತ್ತು. ವಾರದೊಳಗೆ ಬಸ್‌ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಎದ್ದಿತು. ದೇಶದಲ್ಲೇ ಪ್ರಥಮ ವ್ಯಸನಮುಕ್ತ ನಗರ. ಮಂಡಳಿಯ ಅಧ್ಯಕ್ಷರ ಮುಖ ಬಂಡಿಯ ಗಾಲಿಯಷ್ಟು, ಹಾಲಸ್ವಾಮಿಯವರದು ತಟ್ಟೆಯಷ್ಟು. ಮೂಲೆಯಲ್ಲಿ ಹುಣಿಸೆ ಬೀಜದಷ್ಟು ಉಚ್ಚೆಂಗಪ್ಪ.

ಸನ್ಮಾನವೂ ನಡೆಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು, ಇವನನ್ನು ಖಾಯಂ ಮಾಡಲಾಗುವುದು ಎಂದು ಅಧ್ಯಕ್ಷರು ಮೈಕಿನಲ್ಲಿ ಘೋಷಿಸಿದರು. ನಾಲ್ಕು ಮಾತಾಡು ಎಂದು ಮೈಕನ್ನು ಅವನ ಮುಂದೆ ಇಟ್ಟರು.

"ನಂದೇನೈತ್ರಿ," ಎಂದ ಉಚ್ಚೆಂಗಪ್ಪ. "ಎಲ್ಲಾ ಬ್ಲೀಚಿಂಗ್ ಪೌಡರ್‌ದು."

ಸಭೆ ಬಿದ್ದು ಬಿದ್ದು ನಕ್ಕಿತು. ಎಂಥ ವಿನಯ ಎಂದು ಅಧ್ಯಕ್ಷರು ಬೆನ್ನು ತಟ್ಟಿದರು. ಅವತ್ತು ಅಲ್ಲಿ ಸತ್ಯ ಹೇಳಿದವನು ಅವನೊಬ್ಬನೇ ಎಂದು ಈಗ ಅನಿಸುತ್ತದೆ.

ಹದಿನೈದು ದಿನಕ್ಕೆ ಮೇಡಂ ಅವರ ವಿವರದ ಪತ್ರ ಬಂತು. ಚಿಕ್ಕ ಪತ್ರ. ಮಾದಕ ವಸ್ತು ಪತ್ತೆಯಾಗದಿರುವುದು ಸಂತೋಷ. ಆದರೆ ಚಹಾದ, ಕಾಫಿಯ ಅಂಶವೂ ಪತ್ತೆಯಾಗಿಲ್ಲ. ತಲೆನೋವಿನ ಮಾತ್ರೆಯ ಅಂಶವೂ ಇಲ್ಲ. ಎರಡು ಲಕ್ಷ ಜನರ ಊರಿನಲ್ಲಿ ಏಳು ದಿನ ಒಬ್ಬರೂ ಚಹಾ ಕುಡಿಯಲಿಲ್ಲವೇ? ದಯವಿಟ್ಟು ತಿಳಿಸಿ.

ಹಾಲಸ್ವಾಮಿಯವರು ಅದನ್ನು ಎರಡು ಸಲ ಓದಿದರು. "ಆಕ್ಷೇಪಣಿ ಅಲ್ಲಲ್ರೀ ಇದು, ಹೊಗಳಿಕಿ! ಉತ್ತರ ಬರೀರಿ."

ನಾನು ಬರೆದ ಕರಡು ನನಗೆ ಈಗಲೂ ಬಾಯಿಪಾಠ ಬರುತ್ತದೆ. 'ಮಾನ್ಯರೇ, ನಮ್ಮ ನಗರದ ನಾಗರಿಕರು ಆರೋಗ್ಯದ ಬಗ್ಗೆ ಅತೀವ ಜಾಗೃತಿಯನ್ನು ಹೊಂದಿದ್ದು, ಸದರಿ ಅವಧಿಯಲ್ಲಿ ಚಹಾ ಹಾಗೂ ಕಾಫಿ ಸೇವನೆಯಿಂದ ಸ್ವಯಂಪ್ರೇರಿತರಾಗಿ ದೂರ ಉಳಿದಿರುತ್ತಾರೆ ಎಂದು ತಿಳಿಸಲು ಹರ್ಷಿಸುತ್ತೇವೆ. ಸದರಿ ಅವಧಿಯಲ್ಲಿ ಯಾರಿಗೂ ತಲೆನೋವು ಬಂದಿರುವುದಿಲ್ಲ.' ಅದನ್ನು ಬರೆದು ಮುಗಿಸುವಷ್ಟರಲ್ಲಿ ನಾನು ಎರಡು ಕಪ್ ಚಹಾ ಕುಡಿದಿದ್ದೆ, ತಿದ್ದುವಷ್ಟರಲ್ಲಿ ಹಾಲಸ್ವಾಮಿಯವರು ಮೂರು. ತಲೆನೋವು ಇಬ್ಬರಿಗೂ ಇತ್ತು.

ಅದೇ ವಾರ ಜಂಬುನಾಥ ಸಂಡೂರಿನ ಇಳಿಜಾರಿನಲ್ಲಿ ಟಿಪ್ಪರನ್ನು ಬಂಡೆಗೆ ಗುದ್ದಿದ. ಆ ಬಂಡೆ ಇರದಿದ್ದರೆ ಕೆಳಗೆ ಪ್ರಪಾತ. ರಸ್ತೆಯ ಮಧ್ಯೆ ಎಮ್ಮೆ ನಿಂತಿತ್ತು ಅಂದ. ಹಿಂದಿನ ಲಾರಿಯವರು ಅಲ್ಲಿ ಎಮ್ಮೆಯೂ ಇರಲಿಲ್ಲ, ಕೋಳಿಯೂ ಇರಲಿಲ್ಲ ಅಂದರು. ಮಾವ, ಹೆಂಡತಿ ಸೇರಿ ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಒಳ್ಳೆಯವರು. ಹಣೆಯ ಗಾಯಕ್ಕೆ ಹೊಲಿಗೆ ಹಾಕಿ, ಗುಳಿಗೆ ಬಿಡಿಸಬೇಕು, ಒಳಗೆ ಇಟ್ಟುಕೊಂಡು ನೋಡಿಕೊಳ್ಳಬೇಕು, ಮನೆಯಲ್ಲಿ ಬಿಟ್ಟರೆ ಎರಡು ದಿನಕ್ಕೆ ಮತ್ತೆ ಗಾಡಿ ಹತ್ತುತ್ತಾನೆ ಎಂದರು. ಆದರೆ ಇಡಲು ಜಾಗವಿಲ್ಲ. ಹತ್ತು ಹಾಸಿಗೆಯ ವಾರ್ಡಿಗೆ ಬರೆದಿದ್ದೆವು, ನಿಮ್ಮ ಊರಲ್ಲಿ ಅಂಥವರು ಒಬ್ಬರೂ ಇಲ್ಲವೆಂದು ನಿಮ್ಮ ಮಂಡಳಿಯೇ ಹೇಳಿದೆಯಲ್ಲ ಎಂದು ಮೇಲಿನವರು ಕಡತ ವಾಪಸ್ ಕಳಿಸಿದರು ಎಂದರು.

ಉಚ್ಚೆಂಗಪ್ಪ ಆಸ್ಪತ್ರೆಯಿಂದ ಸೀದಾ ನನ್ನ ಮೇಜಿಗೆ ಬಂದ. ಅವನ ಕೈಗೆ ಅಳಿಯನ ಹಣೆಯ ರಕ್ತ ಹತ್ತಿತ್ತು, ತೊಳೆದುಕೊಂಡಿರಲಿಲ್ಲ.

"ವೀರೇಶಪ್ಪಾರ, ಆ ಮೇಡಂ ಬಾಟ್ಲಿಯಾಗ ಏನ್ ಹುಡುಕಾಕ ಬಂದಿದ್ರು?"

ಆಗ ಹೇಳಿದೆ. ಮೊದಲ ದಿನವೇ ಹೇಳಬೇಕಾದದ್ದನ್ನು ಆಗ ಹೇಳಿದೆ. ಗುಳಿಗೆ ನುಂಗಿದವರ ಉಚ್ಚೆಯಲ್ಲಿ ಅದರ ಅಂಶ ಇರುತ್ತದೆ, ಅದನ್ನು ಹುಡುಕಲು ಬಂದಿದ್ದರು ಎಂದೆ.

"ಬ್ಲೀಚಿಂಗ್ ಹಾಕಿದ್ರ?"

"ಸುಡ್ತದ. ಉಳಿದದ್ದು ಟ್ಯಾಂಕರ್ ನೀರಾಗ ಹೋಗ್ತದ."

ಅವನು ಬೆಂಚಿನ ಮೇಲೆ ಕೂತ. ಹತ್ತೊಂಬತ್ತು ವರ್ಷದಲ್ಲಿ ನನ್ನ ಮುಂದೆ ಅವನು ಕೂತದ್ದು ಅದೇ ಮೊದಲು.

"ಹಂಗಾರ ನಮ್ ಜಂಬ್ಯಾನ ಮಂಚಾನ ನಾನಾ ತೊಳದು ಚೆಲ್ಲಿದ್ನೇನ್ರಿ?"

ಮೇಡಂಗೆ ಇರುವ ವಿಷಯ ಬರೆದು ಕಳಿಸಿರಿ ಎಂದು ಕೈಮುಗಿದ. ಕಚೇರಿಯ ಪತ್ರ ಹಾಗೆಲ್ಲ ಬರೆಯಲು ಬರುವುದಿಲ್ಲ ಎಂದೆ. ಕಚೇರಿ ಬ್ಯಾಡ, ನಿಮ್ಮ ಹೆಸರಲ್ಲಿ ಬರೀರಿ ಎಂದ. ನನಗೆ ಇನ್ನೂ ಆರು ವರ್ಷ ಸರ್ವಿಸ್ ಇದೆ ಎಂದೆ. ಅವನು ಸಿಟ್ಟಾಗಲಿಲ್ಲ. ಐಸಿನ ಡಬ್ಬಿಯ ಮೇಲಿದ್ದ ಮೇಡಂ ಅವರ ಫೋನ್ ನಂಬರು ಇದೆಯೇ ಎಂದು ಕೇಳಿದ, ಚೀಟಿಯಲ್ಲಿ ಬರೆದು ಕೊಟ್ಟೆ. ಅಷ್ಟು ಧೈರ್ಯ ಮಾಡಿದೆ.

ಕಚೇರಿಯ ಎದುರಿನ ಕಿರಾಣಿ ಅಂಗಡಿಯಲ್ಲಿ ಒಂದು ರೂಪಾಯಿಯ ಹಳದಿ ಫೋನು ಇತ್ತು. ಅಂಗಡಿಯ ಪಕ್ಕೀರಪ್ಪ ಆಮೇಲೆ ನನಗೆ ಹೇಳಿದಂತೆ, ಉಚ್ಚೆಂಗಪ್ಪ ರಿಸೀವರನ್ನು ಎರಡು ಕೈಯಲ್ಲಿ ಹಿಡಿದು, ಇಡೀ ಓಣಿಗೆ ಕೇಳುವಂತೆ ಕೂಗಿದನಂತೆ.

"ಮೇಡಮ್ಮಾರ, ನಾವು ಚಾ ಕುಡಿತೀವ್ರಿ! ಭಾಳ ಕುಡಿತೀವಿ! ಅದು ನಮ್ಮೂರಿನ ನೀರಲ್ರಿ, ನಾನು ತೊಳದು ಕೊಟ್ಟಿದ್ದು. ಇನ್ನೊಂದ್ ಸಲ ಬರ್ರಿ. ಜಲ್ದಿ ಬರ್ರಿ, ನಮ್ಮ ಅಳಿಯ ನಾಡಿದ್ದು ಮತ್ತ ಗಾಡಿ ಹತ್ತತಾನ."

ಜಂಬುನಾಥ ಹತ್ತಿಯೇ ಹತ್ತಿದ. ಹೇಮಾವತಿ ಅಡ್ಡ ಮಲಗಿದರೂ ದಾಟಿ ಹೋದ. ಅಂದಿನಿಂದ ಟಿಪ್ಪರ್ ಅಪಘಾತದ ಸುದ್ದಿ ಬಂದಾಗಲೆಲ್ಲ ಉಚ್ಚೆಂಗಪ್ಪ ಪಂಪು ನಿಲ್ಲಿಸಿ ರಸ್ತೆಗೆ ಬಂದು, ಗಾಡಿಯ ನಂಬರು ಯಾವುದು ಎಂದು ಹೋಗಿಬರುವ ಡ್ರೈವರುಗಳನ್ನು ಕೇಳುತ್ತಿದ್ದ. ಅಪಘಾತ ದಿನಾ ಆಗುತ್ತಿತ್ತು.

ಮೇಡಂ ಬರಲು ಮೂರು ವಾರ ಹಿಡಿಯಿತು. ನಿಯಮದ ಪ್ರಕಾರ ಅವರು ಮಂಡಳಿಗೆ ಮುಂಚಿತವಾಗಿ ತಿಳಿಸಿದರು, ನಿಯಮದ ಪ್ರಕಾರ ನಾವು ಬ್ಲೀಚಿಂಗ್ ಪೌಡರ್ ತರಿಸಿದೆವು. ಈ ಸಲ ಅವರು ತಾವೇ ಕೂತು ಒಂದು ದಿನ ಬೆಳಗ್ಗೆ ಆರರಿಂದ ಸಾಯಂಕಾಲದವರೆಗೆ ಮಾದರಿ ಹಿಡಿಯುವವರಿದ್ದರು. ಆದ್ದರಿಂದ ಪಂಪ್‌ಹೌಸಿನಲ್ಲಿ ಹಾಕುವಂತಿಲ್ಲ. ಅಲ್ಲಿಂದ ಇನ್ನೂರು ಹೆಜ್ಜೆ ಮೇಲಿರುವ ಮ್ಯಾನ್‌ಹೋಲಿನಲ್ಲಿ ಚೀಲ ಸುರಿಯಬೇಕೆಂದು ಹಾಲಸ್ವಾಮಿಯವರು ಏರ್ಪಾಡು ಮಾಡಿದರು. ಪಂಪು ನೋಡಿಕೊಳ್ಳಲು ಬೇರೆಯವನನ್ನು ಹಾಕಿ, ಚೀಲ ಸುರಿಯಲು ಉಚ್ಚೆಂಗಪ್ಪನನ್ನು ನೇಮಿಸಿದರು. ಅವನು ಸುರಿಯುತ್ತಾನೋ ಇಲ್ಲವೋ ನೋಡಲು ನನ್ನನ್ನು. ನನ್ನ ಕೈಗೆ ಒಂದು ಲಕೋಟೆಯನ್ನೂ ಕೊಟ್ಟರು.

ಬೆಳಗ್ಗೆ ಐದೂಮುಕ್ಕಾಲಿಗೆ ನಾವಿಬ್ಬರೂ ಮ್ಯಾನ್‌ಹೋಲಿನ ಹತ್ತಿರ ಇದ್ದೆವು. ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಚೀಲಗಳ ರಾಶಿ. ಉಚ್ಚೆಂಗಪ್ಪ ಅದರ ಮೇಲೆ ಕೂತು ಬೀಡಿ ಹಚ್ಚಿದ.

"ಸುರಿಯಪ್ಪ," ಎಂದೆ.

"ಕುಂದ್ರಿ ವೀರೇಶಪ್ಪಾರ," ಎಂದ.

ಲಕೋಟೆ ತೆಗೆದು ತೋರಿಸಿದೆ. ಖಾಯಂ ನೇಮಕಾತಿಯ ಆದೇಶ. ಎಲ್ಲ ಬೆರಳಚ್ಚಾಗಿತ್ತು, ಸಹಿಯೊಂದೇ ಬಾಕಿ. ಇವತ್ತು ಸಾಯಂಕಾಲ ಮೇಡಂ ಹೋದ ಮೇಲೆ ಸಹಿ ಎಂದು ಸಾಹೇಬರು ಹೇಳಿದ್ದಾರೆ ಎಂದೆ. ಅವನಿಗೆ ಓದು ಅಷ್ಟಕ್ಕಷ್ಟೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಶ್ರೀ ಉಚ್ಚೆಂಗಪ್ಪ, ತಂದೆ ದುರುಗಪ್ಪ, ಸಾಕಿನ್ ಬಂಡ್ರಿ. ಅಪ್ಪನ ಹೆಸರು ಬಂದ ಕಡೆ ಬೆರಳು ನಿಂತಿತು.

"ಎಷ್ಟ್ ಚೆಂದ ಟೈಪ್ ಮಾಡೀರಿ," ಎಂದ. ಮಡಿಕೆ ಹಾಳಾಗದಂತೆ ಮಡಚಿ ನನಗೆ ವಾಪಸ್ ಕೊಟ್ಟ. "ನಿಮ್ಮತ್ರಾನ ಇರ್ಲಿ."

ಮೇಲಿನಿಂದ ನೀರು ಬರುತ್ತಿತ್ತು. ಕಪ್ಪಗೆ, ಜೋರಾಗಿ, ಊರಿನ ಎಲ್ಲ ಮನೆಯದೂ. ಅವನು ಎದ್ದು ಮುಚ್ಚಳ ಎಳೆದು ಮುಚ್ಚಿ ಮತ್ತೆ ಚೀಲದ ಮೇಲೆ ಕೂತ. ಬಿಸಿಲೇರಿತು. ನಾನು ಎರಡು ಸಲ ಗದರಿಸಿದೆ, ಒಂದು ಸಲ ಬೇಡಿಕೊಂಡೆ. ನಾನೇ ಸುರಿಯಲೇ ಎಂದು ಒಂದು ಚೀಲಕ್ಕೆ ಕೈ ಹಾಕಿದೆ, ಎತ್ತಲಾಗಲಿಲ್ಲ. ಎತ್ತಿದ್ದರೂ ಸುರಿಯುತ್ತಿರಲಿಲ್ಲ ಎಂದು ಇಲ್ಲಿ ಬರೆದುಕೊಳ್ಳಬಹುದಿತ್ತು, ಆದರೆ ಗೊತ್ತಿಲ್ಲ.

ಹನ್ನೊಂದಕ್ಕೆ ಹಾಲಸ್ವಾಮಿಯವರು ಪಂಪ್‌ಹೌಸಿಗೆ ಬರುವುದನ್ನು ಕಂಡು ಉಚ್ಚೆಂಗಪ್ಪ ಎದ್ದು ಆ ಕಡೆ ನಡೆದ. ನಾನು ಹಿಂದೆ ಓಡಿದೆ. ಮೇಡಂ ಬಾಟಲಿ ಹಿಡಿದು ಕೂತಿದ್ದರು, ಮೂಗಿಗೆ ಕರವಸ್ತ್ರವೂ ಇರಲಿಲ್ಲ.

"ಮೇಡಮ್ಮಾರ," ಎಂದ ಅವನು, "ಹೋದ್ ಸಲ ಹನ್ನೊಂದು ಚೀಲ ಹಾಕಿದ್ನಿರಿ. ಸಾಹೇಬ್ರು ಹೇಳಿದ್ರು, ನಾನು ಹಾಕಿದ್ನಿ. ಮ್ಯಾಲ ಅರಿವಿಲೆ ಸೋಸಿದ್ನಿ, ಅದು ಮಾತ್ರ ನಂದಾ ಬುದ್ಧಿ. ಈ ಸಲಾನೂ ತರ್ಸ್ಯಾರ. ಹಾಕಿಲ್ರಿ. ಇದು ಖರೇ ನೀರು."

ಮೇಡಂ ಕಾರ್ಯದರ್ಶಿಗಳ ಮುಖ ನೋಡಿದರು.

"ಈ ಮನಷ್ಯಾ ಯಾರಂತಾನಾ ನನಗ ಗೊತ್ತಿಲ್ಲ ಮೇಡಂ," ಎಂದರು ಹಾಲಸ್ವಾಮಿ. ಒಂದೂವರೆ ತಿಂಗಳ ಹಿಂದೆ ಅವನ ಕೊರಳಿಗೆ ಹಾರ ಹಾಕಿದವರು ಅವರೇ.

ಮೇಡಂ ನನ್ನ ಕಡೆ ತಿರುಗಿದರು. "ನೀವು ಹೇಳಿ. ಇವರು ಹೇಳ್ತಿರೋದು ನಿಜವಾ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. "ಕಡತ ನೋಡಿ ಹೇಳ್ತೀನಿ ಮೇಡಂ," ಎಂದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಸಾವಿರ ಸಲ ಆಡಿದ ಮಾತು. ಅವತ್ತಿನಷ್ಟು ಅದು ನನ್ನ ಬಾಯಲ್ಲಿ ಎಂದೂ ನಾತ ಹೊಡೆದಿರಲಿಲ್ಲ.

ಮರುದಿನ ಉಚ್ಚೆಂಗಪ್ಪನನ್ನು ಕೆಲಸದಿಂದ ತೆಗೆದ ಆದೇಶವನ್ನೂ ನಾನೇ ಬರೆದೆ. ಕಾರಣ ಕೊಡಬೇಕಿತ್ತು. 'ಕೊಳಚೆ ನೀರಿನ ಶುಚಿತ್ವವನ್ನು ಕಾಪಾಡುವಲ್ಲಿ ತೋರಿದ ಅಕ್ಷಮ್ಯ ನಿರ್ಲಕ್ಷ್ಯ' ಎಂದು ಬರೆದೆ. ಹಾಲಸ್ವಾಮಿಯವರು 'ಅಕ್ಷಮ್ಯ' ಎಂಬುದರ ಕೆಳಗೆ ಗೆರೆ ಎಳೆದು ಮೆಚ್ಚಿದರು. ಅವನು ಬಂದು ಹೆಬ್ಬೆಟ್ಟಲ್ಲ, ಸಹಿಯನ್ನೇ ಮಾಡಿ ಅದನ್ನು ಪಡೆದುಕೊಂಡು ಹೋದ. ಹೋಗುವಾಗ, ಪಂಪಿನ ಎಡಗಡೆಯ ಬೋಲ್ಟು ಸಡಿಲ ಐತಿ, ಹೊಸಬನಿಗೆ ಹೇಳ್ರಿ ಎಂದ.

ಎರಡನೆಯ ವರದಿಯಲ್ಲಿ ಚಹಾ ಧಾರಾಳವಾಗಿತ್ತು. ನಮ್ಮೂರು ಮಾಮೂಲಿಗಿಂತ ಹೆಚ್ಚೇ ಕುಡಿಯುತ್ತದೆ ಎಂದು ತಿಳಿಯಿತು. ಗಾಂಜಾ ಇತ್ತು, ಹೇಳಿಕೊಳ್ಳುವಂಥದ್ದಲ್ಲ. ನಿದ್ದೆ ಕೆಡಿಸುವ ಗುಳಿಗೆಯ ಅಂಶ ಮಾತ್ರ ಎಷ್ಟಿತ್ತೆಂದರೆ, ಮೇಡಂ ಯಂತ್ರ ಕೆಟ್ಟಿದೆಯೆಂದು ಮೂರು ಸಲ ಪರೀಕ್ಷಿಸಿದರಂತೆ. ಅದರಲ್ಲಿ ಹಂಪಿಯ ಒಬ್ಬ ಫಾರಿನರನದೂ ಇರಲಿಲ್ಲ. ವರದಿ ಅವರ ಕೈಯಿಂದ ನೇರವಾಗಿ ಮೇಲಕ್ಕೆ ಹೋಯಿತು, ನಮ್ಮ ಸಣ್ಣಕ್ಷರದ ಖಾಲಿ ಹುದ್ದೆಯ ಮೂಲಕ ಹೋಗಲಿಲ್ಲ. ಹತ್ತು ಹಾಸಿಗೆ ಕೇಳಿದ್ದಕ್ಕೆ ಆರು ಮಂಜೂರಾಯಿತು.

ವಾರ್ಡು ಸಿದ್ಧವಾದದ್ದೇ ಡಾಕ್ಟರು ಬಾಗಿಲು ತೆಗೆದರು. ಉದ್ಘಾಟನೆಯ ತಾರೀಕು ಅಧ್ಯಕ್ಷರ ಅನುಕೂಲಕ್ಕೆ ಎರಡು ಸಲ ಮುಂದೆ ಹೋಗಿತ್ತು, ಅಲ್ಲಿಯವರೆಗೆ ರೋಗಿಗಳು ಕಾಯಲಾರರು ಎಂದರು. ಜಂಬುನಾಥನನ್ನು ಕರೆತಂದದ್ದು ಕಮಲಾಪುರದ ತಿರುವಿನಿಂದ. ರಸ್ತೆ ಬಿಟ್ಟು ಬಾಳೆಯ ತೋಟಕ್ಕೆ ಟಿಪ್ಪರ್ ನುಗ್ಗಿಸಿ, ಎಂಜಿನ್ ಆರಿಸದೆ, ಸ್ಟೇರಿಂಗ್ ಹಿಡಿದು ನಡುಗುತ್ತ ಕೂತಿದ್ದ. ಗಾಡಿಯ ನಂಬರು ತಿಳಿದು ಓಡಿಹೋದ ಉಚ್ಚೆಂಗಪ್ಪ ಒಂದೊಂದೇ ಬೆರಳು ಬಿಡಿಸಿ ಕೆಳಗೆ ಇಳಿಸಿದನಂತೆ.

ಅವನನ್ನು ವಾರ್ಡಿಗೆ ಸೇರಿಸಿದ ಐದನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಅಧ್ಯಕ್ಷರು ಬಂದರು. ಬ್ಯಾಂಡಿನವರು, ಫೋಟೋದವರು, ಹಾರ ಹಿಡಿದವರು, ಮೂವತ್ತು ಜನ. ಭಾಷಣ ನನ್ನ ಕೈಯಲ್ಲಿತ್ತು. ವ್ಯಸನಿಗಳನ್ನು ಪತ್ತೆ ಹಚ್ಚಿದ ಹೆಮ್ಮೆ ನಮ್ಮ ಮಂಡಳಿಗೆ ಸಲ್ಲುತ್ತದೆ ಎಂದು ಅದರಲ್ಲಿ ನಾನೇ ಬರೆದಿದ್ದೆ. ರಿಬ್ಬನ್ ಕತ್ತರಿಸಿದರು, ಬ್ಯಾಂಡು ಒಮ್ಮೆಲೇ ಮೊಳಗಿತು, ನಾವೆಲ್ಲ ಚಪ್ಪಾಳೆ ತಟ್ಟುತ್ತ ಒಳಗೆ ನುಗ್ಗಿದೆವು.

ಮೊದಲನೆಯ ಮಂಚದ ಪಕ್ಕದ ಸ್ಟೂಲಿನಿಂದ ಉಚ್ಚೆಂಗಪ್ಪ ಎದ್ದು ನಿಂತ. ಶರ್ಟಿನ ಗುಂಡಿ ತಪ್ಪು ಹಾಕಿಕೊಂಡಿದ್ದ, ಗಡ್ಡ ಬಿಟ್ಟಿದ್ದ. ಎರಡೂ ಕೈ ಎತ್ತಿ ಅಧ್ಯಕ್ಷರನ್ನೇ ತಡೆದ.

"ಏ, ಬಂದ್ ಮಾಡ್ರಿ ಅದನ್ನ," ಎಂದು ಪಿಸುಮಾತಿನಲ್ಲೇ ಗದರಿದ. "ಮೆತ್ತಗ. ಮಲಗ್ಯಾನ."

ಮಂಚದ ಮೇಲೆ ಜಂಬುನಾಥ ಬಾಯಿ ತೆರೆದು ಮಲಗಿದ್ದ. ಹೇಮಾವತಿ ಅವನ ಪಾದ ಹಿಡಿದುಕೊಂಡು ಕೂತಿದ್ದಳು. ಅವನ ಎದೆ ಸಾವಕಾಶ ಏರುತ್ತಿತ್ತು, ಸಾವಕಾಶ ಇಳಿಯುತ್ತಿತ್ತು.

ಹಂಗಾಮಿಯೂ ಅಲ್ಲದ ಆ ಮನುಷ್ಯನ ಮಾತಿಗೆ ಬ್ಯಾಂಡು ನಿಂತಿತು. ಅಧ್ಯಕ್ಷರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ, ಬಗ್ಗಿ ಚಪ್ಪಲಿ ಕೈಗೆ ತೆಗೆದುಕೊಂಡರು. ಅವರನ್ನು ನೋಡಿ ಹಾಲಸ್ವಾಮಿಯವರೂ ತೆಗೆದುಕೊಂಡರು. ಮೂವತ್ತು ಜನ ತುದಿಗಾಲಲ್ಲಿ ಹಿಂದೆ ಹಿಂದೆ ಸರಿದು ಹೊರಗೆ ಹೋದೆವು. ನಾನು ಕೊನೆಯವನು. ಬಾಗಿಲ ಹತ್ತಿರ ನಿಂತು ಅವನಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವನು ತುಟಿಯ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡದೆ, ಅಳಿಯನ ಹಣೆಯ ಮೇಲಿನ ನೊಣ ಓಡಿಸಿದ.

ನಾನು ಬಾಗಿಲು ಸಪ್ಪಳವಾಗದಂತೆ ಎಳೆದುಕೊಂಡು ಬಂದೆ.